ಧರ್ಮದ ತಕ್ಕಡಿಯ ಇಪ್ಪತ್ತೇಳು ಗ್ರಾಂ

ರಾಯದುರ್ಗದಲ್ಲಿ ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ ಎಚ್ಚರವಾಗಿರುವುದು ಹೊಲಿಗೆ ಮಷೀನುಗಳು ಮಾತ್ರ. ಮನೆಮನೆಗೂ ಜೀನ್ಸ್ ಹೊಲಿಗೆ ಹೊಕ್ಕ ಕಾಲ ಅದು. ಒಂದೇ ಬೀದಿಯಲ್ಲಿ ನಲವತ್ತು ಮಷೀನು ಒಟ್ಟಿಗೆ ಗುಂಯ್‌ಗುಡುತ್ತಿದ್ದರೆ ಕೋಟೆಯ ಬೆಟ್ಟಕ್ಕೂ ಕಣ್ಣೆಳೆಯುತ್ತಿರಬೇಕು ಅನಿಸುತ್ತಿತ್ತು. ಬಾಗಿಲುಗಳಿಂದ ನೀಲಿ ಬಟ್ಟೆಯ ಸಣ್ಣ ಧೂಳು ಹೊರಬಂದು, ಬಿಸಿಲಿನಲ್ಲಿ ಸ್ವಲ್ಪ ಹೊತ್ತು ತೇಲಾಡಿ, ಯಾವ ಅವಸರವೂ ಇಲ್ಲದೆ ಯಾರದಾದರೂ ಹೆಗಲ ಮೇಲೆ ಇಳಿಯುತ್ತಿತ್ತು. ಆ ಹೊತ್ತಿನಲ್ಲಿ ನಾನು ನನ್ನ ಎಸ್‌ಟಿಡಿ ಬೂತಿನಲ್ಲಿ ಕೂತು, ಎದುರಿನ ಅಂಗಡಿಯಲ್ಲಿ ಉಜ್ಜಿನಪ್ಪ ನಿದ್ದೆ ಮಾಡುವುದನ್ನು ನೋಡುತ್ತಿದ್ದೆ. ಮೊಬೈಲು ಬಂದ ಮೇಲೆ ನನಗೆ ಬೇರೆ ಕೆಲಸವೂ ಇರಲಿಲ್ಲ.

ಉಜ್ಜಿನಪ್ಪನದು ಕಿರಾಣಿ ಅಂಗಡಿ, ಅವರಪ್ಪನ ಕಾಲದ್ದು. ಮೊಣಕೈ ಗಲ್ಲಾಪೆಟ್ಟಿಗೆಯ ಮೇಲೆ, ಗಲ್ಲ ಅಂಗೈ ಮೇಲೆ, ಎದುರಿಗೆ ಸರಪಳಿಯಿಂದ ನೇತುಬಿದ್ದ ತಕ್ಕಡಿ. ಗಾಳಿಗೆ ಅದರ ತಟ್ಟೆ ಎಷ್ಟು ಆಡುತ್ತಿತ್ತೋ ಅವನ ತಲೆಯೂ ಅಷ್ಟೇ ಆಡುತ್ತಿತ್ತು. ನಾಲ್ಕು ಗಂಟೆಗೆ ಎದ್ದು ಮುಖ ತೊಳೆದುಕೊಂಡು ನನ್ನ ಬೂತಿಗೆ ಬಂದು ಅಂದಿನ ಕನಸನ್ನು ಒಪ್ಪಿಸುವುದು ಅವನ ಪದ್ಧತಿ. ನನಗೆ ಹಗಲು ನಿದ್ದೆ ಬರುವುದಿಲ್ಲ. ಹಾಗಾಗಿ ಅವನ ಕನಸುಗಳಲ್ಲೇ ನನ್ನ ಪಾಲೂ ಇದೆ ಎಂದು ನಾನು ತಿಳಿದುಕೊಂಡಿದ್ದೆ.

ಅವನ ಭಕ್ತಿಯ ಬಗ್ಗೆ ಎರಡು ಮಾತು ಹೇಳಬೇಕು. ಬೆಳಿಗ್ಗೆ ಬಾಗಿಲು ತೆಗೆದ ಕೂಡಲೆ ಉಜ್ಜಿನಪ್ಪ ವಿಭೂತಿ ಉಂಡೆಯನ್ನು ಅಂಗೈಯಲ್ಲಿ ನೀರು ಹಾಕಿ ತೇಯ್ದು, ತಕ್ಕಡಿಯ ದಂಡಿಗೆ ಮೂರು ಬೆರಳು, ಒಂದೊಂದು ತೂಕದ ಕಲ್ಲಿಗೂ ಮೂರು ಬೆರಳು ಎಳೆಯುತ್ತಿದ್ದ. ಶುಕ್ರವಾರ ಅರಿಶಿನ ಕುಂಕುಮವೂ ಸೇರುತ್ತಿತ್ತು. ದೇವರ ಬೆನ್ನು ಬರಿದಾಗಿರಬಾರದು ಎಂದು ಕಲ್ಲುಗಳನ್ನು ಮಗುಚಿ ತಳದಲ್ಲಿ ಸೀಸ ಹಾಕಿದ ಗುಂಡಿಗೂ ಹಚ್ಚುತ್ತಿದ್ದ. ಕಲ್ಲು ತೊಳೆದರೆ ಲಕ್ಷ್ಮಿ ಹರಿದು ಹೋಗುತ್ತಾಳೆಂದು ಅವರಪ್ಪ ಹೇಳಿದ್ದನಂತೆ. ಆದ್ದರಿಂದ ತೊಳೆಯುವ ಮಾತೇ ಇರಲಿಲ್ಲ.

ಇನ್ನೊಂದು ವಿಷಯ. ವರ್ಷ ವರ್ಷ ತೂಕ ಅಳತೆ ಇಲಾಖೆಯವರು ಊರಿಗೆ ಬಂದು ಕ್ಯಾಂಪು ಹಾಕಿ, ವರ್ತಕರ ಕಲ್ಲುಗಳನ್ನೆಲ್ಲ ಪರೀಕ್ಷೆ ಮಾಡಿ, ತಳದ ಸೀಸಕ್ಕೆ ಮುದ್ರೆ ಒತ್ತಿ ಸರ್ಟಿಫಿಕೇಟು ಕೊಡುತ್ತಾರೆ. ಪೂಜೆಯಲ್ಲಿರುವ ಕಲ್ಲು ಹೊಸ್ತಿಲು ದಾಟಬಾರದಲ್ಲ? ಅದಕ್ಕೆ ಉಜ್ಜಿನಪ್ಪ ಮನೆಯ ಟ್ರಂಕಿನಲ್ಲಿ ಇನ್ನೊಂದು ಜೊತೆ ಹೊಚ್ಚ ಹೊಸ ಕಲ್ಲು ಇಟ್ಟಿದ್ದ. ಕ್ಯಾಂಪಿನ ದಿನ ಅವನ್ನು ಟವೆಲ್ಲಿನಲ್ಲಿ ಸುತ್ತಿಕೊಂಡು ಹೋಗಿ, ಮುದ್ರೆ ಹಾಕಿಸಿಕೊಂಡು ಬಂದು ಮತ್ತೆ ಟ್ರಂಕಿಗೇ ಇಡುತ್ತಿದ್ದ. ಸರ್ಟಿಫಿಕೇಟಿಗೆ ಮಾತ್ರ ಕಟ್ಟು ಹಾಕಿಸಿ ಅಂಗಡಿಯ ಗೋಡೆಗೆ ನೇತುಹಾಕುತ್ತಿದ್ದ. ಇದರಲ್ಲಿ ಮೋಸ ಮಾಡುವ ಉದ್ದೇಶ ಎಳ್ಳಷ್ಟೂ ಇರಲಿಲ್ಲ. ಸರ್ಕಾರಕ್ಕೆ ಕಲ್ಲು ಬೇಕು, ಕೊಟ್ಟ. ಅಂಗಡಿಗೆ ಕಾಗದ ಬೇಕು, ತಂದ.

ಮೂರನೆಯದು ಬೆಕ್ಕುಗಳು. ಮೂಟೆ ಒಡೆದು ಬಿಡಿಯಾಗಿ ಮಾರಿ ಮುಗಿಸಿದಾಗ ಪ್ರತಿ ಮೂಟೆಯಲ್ಲೂ ಎರಡೂವರೆ ಕೆಜಿ ಕಡಿಮೆ ಬರುತ್ತಿತ್ತು. ಇಲಿ ತಿನ್ನುತ್ತಿವೆ ಎಂದು ಒಂದು ಬೆಕ್ಕು ತಂದ. ಆಮೇಲೆ ಎರಡು. ಈ ಕಥೆ ನಡೆಯುವಾಗ ಮೂರು ಬೆಕ್ಕುಗಳು ಅಕ್ಕಿ ಮೂಟೆಗಳ ಮೇಲೆ ಅವನ ಜೊತೆಯಲ್ಲೇ ನಿದ್ದೆ ಮಾಡುತ್ತಿದ್ದವು. ಅವು ಹಿಡಿದ ಇಲಿಯನ್ನು ನಾನು ಕಂಡಿಲ್ಲ.

ಎಲ್ಲ ಶುರುವಾದದ್ದು ಮಂಜುಳಳ ಒಂದು ಮಾತಿನಿಂದ. ಈಕೆ ಪಕ್ಕದ ಯೂನಿಟ್ಟಿನಲ್ಲಿ ಪ್ಯಾಂಟಿಗೆ ಜೇಬು ಹೊಲಿಯುವವಳು. ಬೇಳೆ ಕಟ್ಟಿಸಿಕೊಳ್ಳುತ್ತ ಹಗುರವಾಗಿ ಅಂದಳು: "ಸಾವ್ಕಾರ್ರೆ, ತಿಂಗಳಿಗಂತ ಬ್ಯಾಳಿ ಒಯ್ದ್ರ ನಿಮ್ಮಲ್ಲಿದು ಒಂದಿನ ಹೆಚ್ಚಿಗಿ ಬರ್ತೈತ್ರಿ. ಬ್ಯಾರೆ ಅಂಗಡಿದು ಮೊದಲಾ ಖಾಲಿ."

ಉಜ್ಜಿನಪ್ಪ ಅವತ್ತು ಮಧ್ಯಾಹ್ನ ಮಲಗಲಿಲ್ಲ. ಸೀದಾ ನನ್ನ ಬೂತಿಗೆ ಬಂದ.

"ಚಂದ್ರಣ್ಣ, ನಾ ಹೆಚ್ಚಿಗಿ ಹಾಕೋದಿಲ್ಲ. ನಂದು ಬರೋಬರಿ ತೂಕ. ಅಂದ್ರ ಊರಾಗ ಉಳಿದೋರೆಲ್ಲ ಕಮ್ಮಿ ಹಾಕ್ತಾರ ಅಂತ ಆತಲ್ಲ?"

ತರ್ಕದಲ್ಲಿ ನನಗೆ ತಪ್ಪೇನೂ ಕಾಣಲಿಲ್ಲ. ಮಧ್ಯಾಹ್ನ ಎರಡೂವರೆಗೆ ಯಾವ ತರ್ಕದಲ್ಲೂ ತಪ್ಪು ಕಾಣುವುದಿಲ್ಲ. ಅಂಗಡಿಗೊಂದು ಬೋರ್ಡು ಹಾಕಬೇಕೆಂದು ಅವನು ಹೊರಟಾಗ ಅದಕ್ಕೆ ಒಕ್ಕಣೆ ಬರೆದುಕೊಟ್ಟವನೂ ನಾನೇ, ಅದನ್ನು ಈಗ ಮುಚ್ಚಿಟ್ಟು ಪ್ರಯೋಜನವಿಲ್ಲ. ಮೂರನೆಯ ದಿನ ಅಂಗಡಿಯ ನೆತ್ತಿಯ ಮೇಲೆ ಹಳದಿ ಬಣ್ಣದಲ್ಲಿ, ಕನ್ನಡದಲ್ಲೂ ತೆಲುಗಿನಲ್ಲೂ, ಹೀಗೆ ಏರಿತು: "ಧರ್ಮದ ತಕ್ಕಡಿ. ಎಲ್ಲೇ ಕೊಳ್ಳಿರಿ, ಇಲ್ಲಿ ತೂಗಿ ನೋಡಿರಿ. ಉಚಿತ."

ಮೊದಲು ಬಂದದ್ದು ದೊಡ್ಡಮಲ್ಲಪ್ಪನ ಅಂಗಡಿಯ ಒಂದು ಕೆಜಿ ಬೆಲ್ಲ. ಉಜ್ಜಿನಪ್ಪ ಬೆಲ್ಲವನ್ನು ಒಂದು ತಟ್ಟೆಗೆ, ತನ್ನ ಕಲ್ಲನ್ನು ಇನ್ನೊಂದಕ್ಕೆ ಇಟ್ಟ. ಬೆಲ್ಲದ ತಟ್ಟೆ ಮೆಲ್ಲಗೆ ಮೇಲೆದ್ದಿತು. ಅದು ಏಳುವುದನ್ನು ಬೀದಿಯೆಲ್ಲ ಉಸಿರು ಹಿಡಿದು ನೋಡಿತು. ಅವನು ಸಣ್ಣ ಹಿತ್ತಾಳೆ ಬಿಲ್ಲೆಗಳನ್ನು ಒಂದೊಂದಾಗಿ ಬೆಲ್ಲದ ಕಡೆ ಸೇರಿಸಿ, ಮುಳ್ಳು ನೆಟ್ಟಗೆ ನಿಂತ ಮೇಲೆ ತೀರ್ಪು ಕೊಟ್ಟ.

"ಇಪ್ಪತ್ತೇಳು ಗ್ರಾಂ ಕಮ್ಮಿ."

ಆಮೇಲೆ ಸಕ್ಕರೆ ಬಂತು, ಇಪ್ಪತ್ತೇಳು ಗ್ರಾಂ ಕಡಿಮೆ. ಮೆಣಸಿನಕಾಯಿ ಬಂತು, ಇಪ್ಪತ್ತೇಳು. ಜೀನ್ಸ್ ಯೂನಿಟ್ಟಿನವರು ಕೆಜಿ ಲೆಕ್ಕದ ಹಿತ್ತಾಳೆ ಗುಂಡಿ ತಂದರು, ಅದೂ ಇಪ್ಪತ್ತೇಳು. ಬೆಳುಗುಪ್ಪದಿಂದ ಒಬ್ಬ ಮಾಂಸ ತಂದಾಗ ಮಾತ್ರ ಸಮಸ್ಯೆಯಾಯಿತು. ವಿಭೂತಿ ಹಚ್ಚಿದ ತಕ್ಕಡಿಗೆ ಅದನ್ನು ಇಡುವಂತಿಲ್ಲ. ಉಜ್ಜಿನಪ್ಪ ಅವನನ್ನು ಚರಂಡಿಯ ಆಚೆಗೇ ನಿಲ್ಲಿಸಿ, ಕಣ್ಣಿನಲ್ಲೇ ಅಳೆದು, ಇಪ್ಪತ್ತೇಳು ಗ್ರಾಂ ಕಡಿಮೆ ಎಂದು ಹೇಳಿ ಕಳಿಸಿದ. ಅವನು ತೃಪ್ತಿಯಿಂದ ಹೋದ. ಊರಿನವರೆಲ್ಲ ಕಳ್ಳರು ಎಂದು ಗೊತ್ತಾದಾಗ ಯಾರಿಗೂ ಆಶ್ಚರ್ಯವಾಗಲಿಲ್ಲ. ಪ್ರತಿಯೊಬ್ಬರೂ ಮೊದಲಿನಿಂದಲೂ ಹಾಗೆಯೇ ಅಂದುಕೊಂಡಿದ್ದರು. ಈಗ ಅಂಕಿ ಸಿಕ್ಕಿತು, ಅಷ್ಟೆ.

ಕನಸುಗಳೂ ದೊಡ್ಡದಾದವು.

"ಇವತ್ತು ಬೆಟ್ಟ ತೂಗಿದ್ನಿ ಚಂದ್ರಣ್ಣ," ಅಂದ ಒಂದು ಸಂಜೆ.

"ಯಾವ ಬೆಟ್ಟ?"

"ನಮ್ಮದಾ. ಕೋಟಿ ಸಮೇತ ತಂದು ತಟ್ಟಿಗೆ ಇಟ್ರು. ಹತ್ತಿ ಇಟ್ಟಂಗ ಹಗೂರಕ ಕುಂತ್ಕಂತು."

"ಬರೋಬರಿ ಇತ್ತಾ?"

ಉಜ್ಜಿನಪ್ಪ ಬೆಟ್ಟದ ಕಡೆ ಒಂದು ಸಲ ಮರುಕದಿಂದ ನೋಡಿದ. "ಇಪ್ಪತ್ತೇಳು ಗ್ರಾಂ ಕಮ್ಮಿ," ಅಂದ.

ಮಾರನೆಯ ದಿನದಿಂದ ಅವನ ಕನಸಿಗೆ ಒಬ್ಬ ಅಧಿಕಾರಿ ಬರತೊಡಗಿದ. ಕೋಟು ಹಾಕಿಕೊಂಡು, ಆನೆ ಮೇಲೆ ಕೂತು, ನೀಲಿ ಧೂಳಿನ ಮೋಡದ ನಡುವಿನಿಂದ ಬರುತ್ತಿದ್ದ. ಬೀದಿ ತುಂಬ ಜನ. ಅಧಿಕಾರಿ ಇಳಿದು ಅವನಿಗೆ ಹಾರ ಹಾಕಿ, ಸರ್ಕಾರದ ಕಲ್ಲುಗಳನ್ನು ಅವನ ಕಲ್ಲಿಗೆ ಹಿಡಿದು ಸರಿಮಾಡಿಕೊಂಡು ಹೋಗುತ್ತಿದ್ದ. ಹತ್ತು ದಿನ ಬಿಡದೆ ಬಂದ. ಆನೆ ದಿನಾ ಒಂದು ಅಚ್ಚು ಬೆಲ್ಲ ತಿನ್ನುತ್ತದೆಂಬ ಸಣ್ಣ ಬೇಸರ ಬಿಟ್ಟರೆ ಉಜ್ಜಿನಪ್ಪ ಸುಖವಾಗಿದ್ದ.

ಕದರಮ್ಮನ ಹುಣಸೆಹಣ್ಣು ಬಂದದ್ದು ಆ ದಿನಗಳಲ್ಲೇ.

ಕದರಮ್ಮ ಮಡಕಶಿರಾ ಕಡೆಯ ಅಗಳಿಯವಳು. ಮಗಳು ರಾಧಾಳಿಗೆ ಇಲ್ಲಿ ಜೀನ್ಸ್ ಯೂನಿಟ್ಟಿನಲ್ಲಿ ಕೆಲಸ ಸಿಕ್ಕಿತೆಂದು ಮೂರು ವರ್ಷದ ಹಿಂದೆ ಜೊತೆಗೆ ಬಂದವಳು. ತನ್ನೂರಿನ ಸ್ವಂತ ನಾಲ್ಕು ಮರದ ಹುಣಸೆಹಣ್ಣನ್ನು ಬಸ್ಸಿನ ಮೇಲೆ ತಂದು, ಬೀಜ ತೆಗೆದು, ನನ್ನ ಬೂತಿನ ಪಕ್ಕ ಗೋಣಿ ಹಾಸಿಕೊಂಡು ಕೈತಕ್ಕಡಿಯಲ್ಲಿ ತೂಗಿ ಮಾರುತ್ತಿದ್ದಳು. ಅಡ್ಡ ಮಾತಿಲ್ಲ, ಚೌಕಾಸಿ ಇಲ್ಲ. ಯೂನಿಟ್ಟಿನ ಹೆಂಗಸರಿಗೆಲ್ಲ ಅವಳದೇ ಹಣ್ಣು. ಮಂಜುಳ ಒಂದು ದಿನ ಸುಮ್ಮನೆ, ಎಲ್ಲರೂ ತೂಗಿಸುತ್ತಾರೆಂದು, ಅವಳ ಹಣ್ಣನ್ನೂ ಧರ್ಮದ ತಕ್ಕಡಿಗೆ ಹಾಕಿಸಿದಳು. ಎಷ್ಟು ಕಡಿಮೆ ಬಂತೆಂದು ಮತ್ತೆ ಬರೆಯಬೇಕಾಗಿಲ್ಲ.

ಕದರಮ್ಮ ಕೈತಕ್ಕಡಿ ಹಿಡಿದುಕೊಂಡೇ ರಸ್ತೆ ದಾಟಿದಳು.

"ಸಾವ್ಕಾರ್ರೆ, ನನ್ ಕಲ್ಲಿಗೆ ಮುದ್ರೆ ಐತೆ, ನೋಡ್ಕಳಿ." ತನ್ನ ಕಲ್ಲು ಮಗುಚಿ ತೋರಿಸಿದಳು. ಸೀಸದ ಮೇಲೆ ಆ ವರ್ಷದ ಮುದ್ರೆ ಹೊಳೆಯುತ್ತಿತ್ತು.

"ನಂದೂ ಐತವಾ. ನೋಡಲ್ಲಿ," ಉಜ್ಜಿನಪ್ಪ ಗೋಡೆಯ ಸರ್ಟಿಫಿಕೇಟು ತೋರಿಸಿದ.

"ಗೋಡೆಲಿ ತೂಗ್ತೀರಾ? ಕಲ್ಲಿನ ಮುದ್ರೆ ತೋರ್ಸಿ."

ಅವನು ಗಂಭೀರವಾಗಿ ತನ್ನ ಕಲ್ಲನ್ನು ಮಗುಚಿದ. ತಳ ಬೆಳ್ಳಗೆ, ನುಣ್ಣಗೆ, ಸಪಾಟಾಗಿತ್ತು. ಮುದ್ರೆಯೂ ಇಲ್ಲ, ಸೀಸವೂ ಇಲ್ಲ, ಗುಂಡಿಯೇ ಇಲ್ಲ.

"ಎಲ್ಲೈತೆ?"

"ಒಳಗೈತಿ. ಎಲ್ಲಾನೂ ಕಣ್ಣಿಗೆ ಕಾಣ್ತೈತೇನವಾ?"

ಸುತ್ತ ನಿಂತವರು ಹೌದೆಂದು ತಲೆದೂಗಿದರು. ಕದರಮ್ಮ ತನ್ನ ಕಲ್ಲು ಎತ್ತಿಕೊಂಡು ಗೋಣಿಗೆ ವಾಪಸು ಹೋದಳು.

ಈ ಇಪ್ಪತ್ತೇಳು ಗ್ರಾಂ ಬೇರೆಯವರಿಗೆ ಅಷ್ಟೇನೂ ತಟ್ಟಲಿಲ್ಲ. ದೊಡ್ಡಮಲ್ಲಪ್ಪನಿಗೆ ಮೂರು ತಲೆಮಾರಿನ ಅಂಗಡಿ, ಬೀಗರು ಬಿಜ್ಜರು, ಬೈಯುತ್ತಲೇ ಬಂದು ಕೊಳ್ಳುವ ಗಿರಾಕಿ. ಕದರಮ್ಮನಿಗೆ ಇದ್ದದ್ದು ಒಂದು ಗೋಣಿಯಷ್ಟು ಜಾಗ ಮತ್ತು ಅವಳ ತೂಕ ಸರಿ ಎಂಬ ಹೆಸರು. ಹೆಸರು ಹೋದ ಮೇಲೆ ಗೋಣಿಯ ಮುಂದೆ ನಿಲ್ಲುವವರು ಯಾರು? ಹೆಂಗಸರು ಆ ಕಡೆಯ ಫುಟ್‌ಪಾತಿನಲ್ಲಿ ನಡೆಯತೊಡಗಿದರು. ಕದರಮ್ಮ ಬಿಸಿಲಿನಲ್ಲಿ ಕೂತು, ಯಾರೂ ಕೊಳ್ಳದ ಹಣ್ಣಿನ ಬೀಜ ತೆಗೆಯುತ್ತಲೇ ಇರುತ್ತಿದ್ದಳು. ನನಗೆ ನೋಡಲಾಗದೆ ಅರ್ಧ ಕೆಜಿ ಕೇಳಿದೆ. "ನಿಮ್ಮನೇಲಿ ಮೊನ್ನೆದೇ ಐತಲ್ಲ, ಬ್ಯಾಡ ಬುಡಿ," ಅಂದಳು.

"ಮುಂದೇನು ಮಾಡ್ತೀಯಮ್ಮ?"

"ಈ ಸಂತೆ ನೋಡ್ತೀನಿ. ಅವತ್ತೂ ಮಾರ್ಲಿಲ್ಲ ಅಂದ್ರೆ ಅಗಳಿ ಬಸ್ಸು ಹತ್ತೋದು. ಕಳ್ಳಿ ಅನ್ನಿಸ್ಕಂಡು ಯಾವ ಮಕ ಇಟ್ಕಂಡು ಕೂರ್ಲಿ?" ಹಾಗನ್ನುವಾಗ ಅವಳ ದನಿಯಲ್ಲಿ ಅಳು ಇರಲಿಲ್ಲ. ಅದಕ್ಕೇ ನನಗೆ ಹೆಚ್ಚು ಸಂಕಟವಾಯಿತು.

ಸಂಕಟವಾದಾಗ ನಾನು ಅರ್ಜಿ ಬರೆಯುತ್ತೇನೆ. ಅಷ್ಟರಲ್ಲಿ ದೊಡ್ಡಮಲ್ಲಪ್ಪನೂ ರೇಗಿ ಬಂದಿದ್ದ. ಒಂದೇ ಕ್ಯಾಂಪಿನಲ್ಲಿ ಮುದ್ರೆ ಹಾಕಿಸಿದ ಇಡೀ ಊರಿನ ಕಲ್ಲುಗಳು ಒಂದೇ ಸಮ ಇಪ್ಪತ್ತೇಳು ಗ್ರಾಂ ಕಡಿಮೆಯಾಗುವುದು ಹೇಗೆ, ವಿಚಾರಿಸಬೇಕು ಎಂದು ಇಲಾಖೆಗೆ ಬರೆದು, ಎರಡು ಜೆರಾಕ್ಸ್ ತೆಗೆದು, ಅವನ ಸಹಿ ಹಾಕಿಸಿ ಕಳಿಸಿದೆ. ಬೋರ್ಡು ಬರೆದ ಕೈಯಲ್ಲೇ ಅರ್ಜಿಯನ್ನೂ ಬರೆದೆ. ನೆರೆಹೊರೆ ಅಂದ ಮೇಲೆ ಎಲ್ಲರಿಗೂ ಆಗಬೇಕಲ್ಲ.

ಇನ್‌ಸ್ಪೆಕ್ಟರ್ ಹನುಮಂತರಾಯ ಬಂದದ್ದು ಸಂತೆಗೆ ಎರಡು ದಿನ ಮುಂಚೆ, ಮಧ್ಯಾಹ್ನ ಮೂರು ಗಂಟೆಗೆ. ಸಣ್ಣ ಆಳು, ಕಂಕುಳಲ್ಲಿ ಕೊಡೆ, ಕೈಯಲ್ಲಿ ಮರದ ಪೆಟ್ಟಿಗೆ. ಮಷೀನುಗಳು ಗುಂಯ್‌ಗುಡುತ್ತಿದ್ದವು. ಬೆಕ್ಕುಗಳು ಮೂಟೆಗಳ ಮೇಲೆ, ಉಜ್ಜಿನಪ್ಪ ಅಂಗೈ ಮೇಲೆ.

"ಉಜ್ಜಿನಪ್ಪ ಅಂದ್ರೆ ಮೀರೇನಾಂಡಿ, ನೀವೇನಾ?" ಇನ್‌ಸ್ಪೆಕ್ಟರ್ ತೆಲುಗು ಬೆರೆಸಿ ಕೇಳಿದರು.

ಉಜ್ಜಿನಪ್ಪ ಅರ್ಧ ಕಣ್ಣು ತೆರೆದು ನಸುನಕ್ಕ. "ಬರ್ರಿ ಬರ್ರಿ. ಇವತ್ತು ತಡ ಮಾಡಿದ್ರಿ. ಆನಿ ಎಲ್ಲಿ ಕಟ್ಟೀರಿ?"

ಇನ್‌ಸ್ಪೆಕ್ಟರ್ ಹಿಂತಿರುಗಿ ನೋಡಿದರು. ರಸ್ತೆಯಲ್ಲಿ ನಾನಿದ್ದೆ. ನಾನು ಟೆಲಿಫೋನಿನ ಕಡೆ ನೋಡಿದೆ.

"ಯಾವ ಆನೆ? ನಾನು ಬಸ್ಸಲ್ಲಿ ಬಂದೆನಂಡಿ."

"ಆತು ಬಿಡ್ರಿ. ಅದಕ್ಕೂ ಒಂದಿನ ರಜಾ ಬೇಕು. ಕೋಟು ಯಾಕ ಹಾಕ್ಕಂಡಿಲ್ಲ?"

"ಸೆಕೆ," ಅಂದರು ಇನ್‌ಸ್ಪೆಕ್ಟರ್, ಅಷ್ಟು ಹೊತ್ತಿಗೆ ಗೊಂದಲಗೊಂಡು. ಮೂವತ್ತು ವರ್ಷದ ಸರ್ವೀಸಿನಲ್ಲಿ ಅವರು ಅಂಗಡಿಗೆ ಕಾಲಿಟ್ಟರೆ ವರ್ತಕರು ಎದ್ದು ನಿಲ್ಲುತ್ತಿದ್ದರು, ಬೆವರುತ್ತಿದ್ದರು, ಸೋಡಾ ತರಿಸುತ್ತಿದ್ದರು. ಇಷ್ಟು ಪ್ರೀತಿಯಿಂದ ವಿಚಾರಿಸಿಕೊಂಡವರು ಇವನೊಬ್ಬನೇ.

ಅವರು ಪೆಟ್ಟಿಗೆ ತೆರೆದರು. ಒಳಗೆ ಮಖಮಲ್ಲಿನ ಗುಳಿಗಳಲ್ಲಿ ಹಿತ್ತಾಳೆಯ ಕಲ್ಲುಗಳು ಮಲಗಿದ್ದವು. ಬಿಸಿಲು ಬಿದ್ದು ಅಂಗಡಿಯ ಚಾವಣಿ ತುಂಬ ಹೊನ್ನಿನ ಬೆಳಕು ಆಡಿತು. ಆಗ ನೋಡಿ ಜನ ಸೇರಿದ್ದು. ಹೊಲಿಗೆ ಬಿಟ್ಟು ಮಂಜುಳ ಬಂದಳು, ರಾಧಾ ಬಂದಳು, ದೊಡ್ಡಮಲ್ಲಪ್ಪ ಚಪ್ಪಲಿಯನ್ನೂ ಹಾಕಿಕೊಳ್ಳದೆ ಬಂದ. ಜನ ಸೇರಿದಷ್ಟೂ ಉಜ್ಜಿನಪ್ಪನಿಗೆ ಇದು ಕನಸೆಂಬುದು ಖಾತ್ರಿಯಾಯಿತು. ದಿನಾ ಹೀಗೇ ಆಗುತ್ತಿತ್ತಲ್ಲ.

ಇನ್‌ಸ್ಪೆಕ್ಟರ್ ಮೊದಲು ಬರಿ ತಕ್ಕಡಿ ನೋಡಿದರು, ಸರಿಯಾಗಿತ್ತು. ಆಮೇಲೆ ಒಂದು ತಟ್ಟೆಗೆ ಸರ್ಕಾರದ ಒಂದು ಕೆಜಿ, ಇನ್ನೊಂದಕ್ಕೆ ಉಜ್ಜಿನಪ್ಪನ ಒಂದು ಕೆಜಿ ಇಟ್ಟರು. ಸರ್ಕಾರ ಮೇಲೆದ್ದಿತು. ತಟ್ಟೆ ಅದಲು ಬದಲು ಮಾಡಿದರು. ಸರ್ಕಾರ ಆ ಕಡೆಯಿಂದಲೂ ಮೇಲೆದ್ದಿತು.

ಉಜ್ಜಿನಪ್ಪ ಎದ್ದು ಬಂದು ಇನ್‌ಸ್ಪೆಕ್ಟರ ಹೆಗಲ ಮೇಲೆ ಕೈ ಇಟ್ಟ. "ಬ್ಯಾಸರ ಮಾಡ್ಕಬ್ಯಾಡ್ರಿ ಸಾಹೇಬ್ರ. ನಿಮ್ಮದೂ ಇಪ್ಪತ್ತೇಳು ಗ್ರಾಂ ಕಮ್ಮಿ ಐತಿ. ಊರಾಗೆಲ್ಲ ಹಂಗಾ ಐತಿ. ನಮ್ಮ ಕಲ್ಲಿಗೆ ಹಿಡಿದು ಸರಿಮಾಡ್ಕಂಡು ಹೋಗ್ರಿ."

ಜನರಲ್ಲಿ ಒಂದು ಮೆಚ್ಚುಗೆಯ ಗುಜುಗುಜು ಹಬ್ಬಿತು. ಸರ್ಕಾರದ್ದೇ ಕಡಿಮೆಯಂತೆ. ಇದಕ್ಕೂ ಯಾರಿಗೂ ಆಶ್ಚರ್ಯವಾಗಲಿಲ್ಲ.

ಇನ್‌ಸ್ಪೆಕ್ಟರ್ ಉಜ್ಜಿನಪ್ಪನ ಕಲ್ಲನ್ನು ಕೈಗೆತ್ತಿಕೊಂಡು, ಮಗುಚಿ, ಮೂಸಿ ನೋಡಿದರು. ಜೇಬಿನಿಂದ ಸಣ್ಣ ಚಾಕು ತೆಗೆದು ತಳಕ್ಕೆ ಹಚ್ಚಿದರು. ಬಿಳಿಯ ಪುಡಿ ಉದುರಿತು. ಉಜ್ಜಿನಪ್ಪನ ಹೆಂಡತಿ ಅನ್ನದಾನಮ್ಮ ಒಳಗಿನಿಂದ ಧಾವಿಸಿ ಬಂದು, ವಿಭೂತಿ ನೆಲಕ್ಕೆ ಬೀಳಬಾರದೆಂದು ಕೆಳಗೆ ತಟ್ಟೆ ಹಿಡಿದಳು.

ಆಗ ಉಜ್ಜಿನಪ್ಪನ ಮುಖ ಬದಲಾಯಿತು. ಅನ್ನದಾನಮ್ಮ ಅವನ ಕನಸಿಗೆ ಎಂದೂ ಬಂದವಳಲ್ಲ.

"ಇವರು ಯಾರು?" ಎಂದು ಹೆಂಡತಿಯನ್ನೇ ಪಿಸುಮಾತಿನಲ್ಲಿ ಕೇಳಿದ.

"ತೂಕದ ಸಾಹೇಬ್ರು. ನೀವು ಹೆಗಲ ಮ್ಯಾಲ ಕೈ ಹಾಕೀರಲ್ಲ, ಅದನ್ನ ಮೊದಲು ತೆಗೀರಿ," ಅಂದಳು.

ಅವನು ತೆಗೆದ. ಇನ್‌ಸ್ಪೆಕ್ಟರ್ ಕೆರೆಯುತ್ತಲೇ ಇದ್ದರು. ಪುಡಿ ಬಿಸಿಲಿನ ಕೋಲಿನಲ್ಲಿ ಏಳುತ್ತ, ಇಳಿಯುತ್ತ, ತಟ್ಟೆ ತುಂಬುತ್ತಿತ್ತು. ಬಿಳಿ ಪದರ ಮುಗಿದು ಕೆಂಪು ಬಂತು, ಕೆಂಪಾದ ಮೇಲೆ ಹಳದಿ, ಮತ್ತೆ ಬಿಳಿ. ನಡುನಡುವೆ ಎಣ್ಣೆಗೆ ಅಂಟಿಕೊಂಡ ನೀಲಿ ಧೂಳು. ಆಳಕ್ಕೆ ಹೋದಂತೆ ನೀಲಿ ತೆಳುವಾಗುತ್ತ ಬಂದು ಕೊನೆಗೆ ಇಲ್ಲವೇ ಇಲ್ಲವಾಯಿತು. ಅಲ್ಲಿಂದ ಕೆಳಗೆ ಊರಿಗೆ ಜೀನ್ಸ್ ಇನ್ನೂ ಬಂದಿರಲಿಲ್ಲ. ನೋಡುತ್ತಿದ್ದ ನನಗೆ ಬೀದಿಯೆಲ್ಲ ನಿಧಾನವಾಗಿ ಹಿಂದಕ್ಕೆ ಹೋಗುತ್ತಿದೆ ಅನಿಸಿತು. ಕಟ್ಟಕಡೆಗೆ ಚಾಕು ಸೀಸಕ್ಕೆ ತಾಗಿ ಟಿಕ್ ಅಂತು. ಇನ್‌ಸ್ಪೆಕ್ಟರ್ ಕನ್ನಡಕ ಏರಿಸಿಕೊಂಡು ಓದಿದರು.

"ಎಂಬತ್ತೆಂಟನೇ ಇಸವಿ ಮುದ್ರೆ."

"ನಮ್ಮಪ್ಪ ಇದ್ರು ಆಗ," ಅಂದ ಉಜ್ಜಿನಪ್ಪ, ಎಲ್ಲೋ ನೋಡುತ್ತ.

ಕೆರೆದ ಕಲ್ಲನ್ನು ಮತ್ತೆ ತೂಗಿದರು. ಸರ್ಕಾರವೂ ಉಜ್ಜಿನಪ್ಪನೂ ಸಮಕ್ಕೆ ನಿಂತರು. ತಟ್ಟೆಯಲ್ಲಿದ್ದ ಪುಡಿಯನ್ನು ತೂಗಿದರು. ಇಪ್ಪತ್ತೇಳು ಗ್ರಾಂ.

"ಮತ್ತೆ ವರ್ಷಾ ವರ್ಷಾ ಕ್ಯಾಂಪಿಗೆ ತಂದಿದ್ದು ಯಾವ ಕಲ್ಲು?"

"ಟ್ರಂಕಿನ್ಯಾಗಿನವು ಸಾಹೇಬ್ರ. ಭಾಳ ಚಲೋ ಅದಾವ. ಒಂದಿನ ಬಳಸಿಲ್ಲ."

ಇನ್‌ಸ್ಪೆಕ್ಟರ್ ಜೇಬಿನಿಂದ ಪೆನ್ನು ತೆಗೆದು ಮುಚ್ಚಳ ಬಿಚ್ಚಿದರು. ಕಡಿಮೆ ತೂಗುವವರನ್ನು ಹಿಡಿಯಲು ಅವರಿಗೆ ತರಬೇತಿಯಿತ್ತು. ಇಷ್ಟು ವರ್ಷ ಊರಿಗೆ ಹೆಚ್ಚು ತೂಗಿ, ಊರನ್ನೇ ಕಳ್ಳರೆಂದು ಕರೆದವನಿಗೆ ಏನು ಬರೆಯಬೇಕೆಂಬುದು ಅವರ ಪುಸ್ತಕದಲ್ಲಿ ಇದ್ದಂತೆ ಕಾಣಲಿಲ್ಲ. ಕೊನೆಗೆ ಆ ವರ್ಷದ ಮುದ್ರೆಯಿಲ್ಲದ ಕಲ್ಲು ಬಳಸಿದ್ದಕ್ಕೆ ಒಂದು ಕಾಗದ ಬರೆದು ಸಹಿ ಹಾಕಿಸಿಕೊಂಡರು.

ಗಲಾಟೆ ಶುರುವಾದದ್ದು ಆಮೇಲೆ. ಹೆಂಗಸರು ಇನ್‌ಸ್ಪೆಕ್ಟರನ್ನು ಸುತ್ತುವರಿದರು.

"ಅದನ್ಯಾಕ ಕೆರಿದ್ರಿ ಸಾರ್? ಅದರ ಪಾಡಿಗದಿತ್ತು," ಅಂದಳು ಮಂಜುಳ.

"ಉಳಿದ ಕಲ್ಲರ ಬಿಡ್ರಿ," ಅಂದಳು ಇನ್ನೊಬ್ಬಳು. "ಅರ್ಧ ಕೇಜಿದಾದ್ರೂ ಹಂಗಾ ಇರಲಿ."

ಅನ್ನದಾನಮ್ಮ ಮೂಟೆಗಳ ಮೇಲಿದ್ದ ಮೂರು ಬೆಕ್ಕುಗಳನ್ನು ನೋಡಿ, "ನಿಮ್ಮನ್ನ ಸುಮ್ಮಸುಮ್ಮನ ಬೈದ್ನಲ್ಲ," ಎಂದು ಹಾಲು ತರಲು ಒಳಗೆ ಹೋದಳು.

ಆ ಗದ್ದಲದಲ್ಲಿ ಇನ್‌ಸ್ಪೆಕ್ಟರ್ ರಸ್ತೆ ದಾಟಿ ಬಂದು ಕದರಮ್ಮನ ಕಲ್ಲನ್ನೂ ತೂಗಿದರು. "ಕರೆಕ್ಟಾಗಿದೆಯಮ್ಮಾ, ಒಂದು ಗ್ರಾಮೂ ಆ ಕಡೆ ಈ ಕಡೆ ಇಲ್ಲ," ಅಂದರು. ಕೇಳಿಸಿಕೊಂಡವರು ನಾನು ಮತ್ತು ರಾಧಾ ಇಬ್ಬರೇ. ಊರೆಲ್ಲ ಎದುರಿನ ಅಂಗಡಿಯಲ್ಲಿತ್ತು.

ಸಂಜೆ ಹೊತ್ತಿಗೆ ದೊಡ್ಡಮಲ್ಲಪ್ಪನ ಅಂಗಡಿ ತುಂಬಿತು. ಕದರಮ್ಮನ ಗೋಣಿ ಮಾತ್ರ ಹಾಗೇ ಇತ್ತು. ಊರಿನ ಹೊಸ ತರ್ಕ ಹೀಗಿತ್ತು: ಅಂಗಡಿಯವರ ಕಲ್ಲು ಸರಿಯಿರಬಹುದು, ಆದರೆ ಫುಟ್‌ಪಾತಿನ ಕೈತಕ್ಕಡಿ ಹೇಗೆ ಸರಿಯಾದೀತು? ಒಮ್ಮೆ ಎದ್ದ ಮಾತು, ಕಾರಣ ಹೋದ ಮೇಲೂ ಗಾಳಿಯಲ್ಲಿ ತೇಲುತ್ತಲೇ ಇತ್ತು.

ಉಜ್ಜಿನಪ್ಪ ಮಾರನೆಯ ದಿನ ನಿದ್ದೆ ಮಾಡಲಿಲ್ಲ. ಬೋರ್ಡನ್ನು ತಾನೇ ಏಣಿ ಹಾಕಿ ಇಳಿಸಿದ. ಆಮೇಲೆ ಬಂದು ಕದರಮ್ಮನ ಗೋಣಿಯ ಮುಂದೆ ನಿಂತ.

"ನಿಂದಾ ಬರೋಬರಿ ಇತ್ತವಾ. ನಾ ತಪ್ಪು ಮಾತಾಡಿದ್ನಿ."

"ನನ್ಗೆ ಯಾಕೆ ಯೋಳ್ತೀರಿ ಸಾವ್ಕಾರ್ರೆ? ನನ್ಗೆ ಗೊತ್ತಿತ್ತು. ಊರಿಗೆ ಯೋಳಿ."

ಅವನು ಊರಿಗೆ ಹೇಳಿದ. ಬಂದವರಿಗೆಲ್ಲ, 'ಕದರಮ್ಮನ ತೂಕ ಸರಿ ಐತ್ರಿ' ಅಂದ. "ನಿಮ್ಮ ಕಲ್ಲಾ ಸರಿ ಇರಲಿಲ್ಲ, ಇನ್ನ ನಿಮ್ಮ ಮಾತು ಏನು ನಂಬೋದ್ರಿ," ಎಂದು ಅವರು ಎಣ್ಣೆ ಕಟ್ಟಿಸಿಕೊಂಡು ಹೋದರು. ಅವನು ಹೆಚ್ಚು ಒತ್ತಿ ಹೇಳಿದಷ್ಟೂ, ಆಕೆ ಇವನಿಗೆ ಹುಣಸೆಹಣ್ಣು ಪುಕ್ಕಟೆ ಕೊಟ್ಟಿರಬೇಕು ಎಂಬ ಮಾತು ಹಬ್ಬಿತು. ಸಂಜೆ ನನ್ನ ಹತ್ತಿರ ಬಂದು ಇನ್ನೊಂದು ಬೋರ್ಡಿಗೆ ಒಕ್ಕಣೆ ಕೇಳಿದ. ಪಕ್ಕದಲ್ಲೇ ಕೂತಿದ್ದ ಕದರಮ್ಮ ಬೀಜ ತೆಗೆಯುವುದನ್ನು ನಿಲ್ಲಿಸಿದಳು.

"ಬೋರ್ಡು ಬ್ಯಾಡ. ನಾಳೆ ಸಂತೆ. ಬಂದು ಇಲ್ಲಿ ಕೂತ್ಕಳಿ. ನನ್ ಕಲ್ಲು, ನನ್ ತಕ್ಕಡಿ. ನೀವು ತೂಗಿ."

"ನಾನಾ? ನೆಲದ ಮ್ಯಾಲ?"

"ಮೂರು ವರ್ಸದಿಂದ ನಾನೆಲ್ಲಿ ಕೂತಿವ್ನಿ?"

ಸಂತೆಯ ದಿನ ಉಜ್ಜಿನಪ್ಪ ಇಸ್ತ್ರಿ ಮಾಡಿದ ಪಂಚೆ ಉಟ್ಟು, ಹಣೆ ತುಂಬ ವಿಭೂತಿ ಹಚ್ಚಿಕೊಂಡು ಬಂದು ಗೋಣಿಯ ಮೇಲೆ ಕೂತ. ಅವನಿಗೆ ಚಕ್ಕಂಬಟ್ಟಲು ಹಾಕಲು ಬರುತ್ತಿರಲಿಲ್ಲ. ಒಂದು ಕಾಲು ಮಡಚಿದರೆ ಇನ್ನೊಂದು ರಸ್ತೆಗೆ ಚಾಚುತ್ತಿತ್ತು. ಜನ ಬಂದು ಎದುರಿನ ಫುಟ್‌ಪಾತಿನಲ್ಲಿ ನಿಂತರು. ಕೊಳ್ಳಲಲ್ಲ, ನೋಡಲು. ಬೆಳಗಿನ ಹತ್ತಾಯಿತು, ಹನ್ನೊಂದಾಯಿತು. ಕದರಮ್ಮ ಬಟ್ಟೆಗಂಟು ಆಗಲೇ ಕಟ್ಟಿ ನನ್ನ ಬೂತಿನಲ್ಲಿಟ್ಟಿದ್ದಳು. ಅಗಳಿ ಕಡೆಯ ಬಸ್ಸು ಎರಡಕ್ಕೆ.

ಹನ್ನೆರಡಕ್ಕೆ ಮಂಜುಳ ರಸ್ತೆ ದಾಟಿದಳು. ಯಾರ ಮುಖವನ್ನೂ ನೋಡದೆ, "ಅರ್ಧ ಕೇಜಿ," ಅಂದಳು.

ಉಜ್ಜಿನಪ್ಪ ಕೈತಕ್ಕಡಿ ಎತ್ತಿದ. ತಟ್ಟೆಗಳು ಹುಚ್ಚೆದ್ದು ಆಡಿದವು. ಹುಣಸೆಹಣ್ಣು ಹಾಕಿದ, ತೆಗೆದ, ಹಾಕಿದ. ಒಂದು ಎಸಳನ್ನು ಎರಡಾಗಿ ಹರಿದು ಅರ್ಧ ಹಾಕಿದ. ಹಣೆಯ ಬೆವರು ವಿಭೂತಿಯನ್ನು ಕರಗಿಸಿಕೊಂಡು ಮೂಗಿಗೆ ಇಳಿಯುತ್ತಿತ್ತು. ಕೊನೆಗೆ ದಂಡಿ ನೆಟ್ಟಗೆ ನಿಂತಿತು. ಎದುರಿನ ಫುಟ್‌ಪಾತಿನವರು ಒಬ್ಬೊಬ್ಬರಾಗಿ ರಸ್ತೆಯ ನಡುವಿಗೆ ಬಂದಿದ್ದರು. ಅವನು ಉಸಿರು ಬಿಟ್ಟು ಕಾಗದ ಮಡಚಲು ಹೋದ.

"ಕೊಸರು ಹಾಕಿ," ಅಂದಳು ಕದರಮ್ಮ.

"ತೂಕ ಬರೋಬರಿ ಐತಲ್ಲವಾ?"

"ತೂಕ ಸರಿ ಐತೆ. ಈಗ ಕೊಸರು."

ಉಜ್ಜಿನಪ್ಪ ಜನ್ಮದಲ್ಲಿ ಯಾರಿಗೂ ಮೇಲೊಂದು ಚೂರು ಹಾಕಿದವನಲ್ಲ. ತೂಕ ಸರಿಯಿದ್ದವನಿಗೆ ಕೊಸರಿನ ಹಂಗೇಕೆ ಎಂಬುದು ಅವನ ಮತ. ಒಂದು ಎಸಳನ್ನು ಹಿಡಿದುಕೊಂಡು, ಎಷ್ಟೆಂದು ತಿಳಿಯದೆ, ಅಭ್ಯಾಸಬಲದಿಂದ ಅದನ್ನೂ ತಕ್ಕಡಿಗೆ ಹಾಕಲು ಹೋದ. ಕದರಮ್ಮ ಅವನ ಮಣಿಕಟ್ಟು ಹಿಡಿದಳು.

"ಅದನ್ನ ತೂಗಂಗಿಲ್ಲ. ಕೈಯಾರೆ ಕೊಡೋದು."

ಅವನು ಕೈಯಲ್ಲಿದ್ದ ಎಸಳನ್ನು ಹಣ್ಣಿನ ರಾಶಿಗೇ ಮರಳಿಸಿದ. ಆಮೇಲೆ ತಕ್ಕಡಿ ಕೆಳಗಿಟ್ಟು, ಎರಡೂ ಕೈ ಸೇರಿಸಿ ಒಂದು ಬೊಗಸೆ ಹಣ್ಣು ಬಾಚಿ ಮಂಜುಳಳ ಚೀಲಕ್ಕೆ ಹಾಕಿದ. ಮಂಜುಳ ಚೀಲದೊಳಗೆ ನೋಡಿ, ಅವನ ಮುಖ ನೋಡಿ, "ಇನ್ನರ್ಧ ಕೇಜಿ ಹಾಕ್ರಿ," ಅಂದಳು. ಅವಳ ಹಿಂದೆ ಇನ್ನೊಬ್ಬಳು ಚೀಲ ಬಿಡಿಸಿದಳು. ಅವಳ ಹಿಂದೆ ನಾಲ್ವರು.

ಬಸ್ಸು ಎರಡಕ್ಕೆ ಹೋಯಿತು. ಅಗಳಿಯ ಕಂಡಕ್ಟರು ಬಾಗಿಲಲ್ಲಿ ನಿಂತು ಎರಡು ಸಲ ಕೂಗಿದ್ದು ನನಗೆ ಕೇಳಿಸಿತು, ಕದರಮ್ಮನಿಗೆ ಕೇಳಿಸಿದಂತೆ ಕಾಣಲಿಲ್ಲ. ಅವಳು ಕಾಗದ ಹರಿಯುವುದರಲ್ಲಿದ್ದಳು. ಉಜ್ಜಿನಪ್ಪ ತೂಗುತ್ತಿದ್ದ, ಬೊಗಸೆ ತುಂಬ ಕೊಸರು ಹಾಕುತ್ತಿದ್ದ, ಪ್ರತಿ ಸಲವೂ ಹೊಸದಾಗಿ ಬೆರಗಾದವನ ಹಾಗೆ ಚೀಲದೊಳಗೆ ಇಣುಕುತ್ತಿದ್ದ. ಮಧ್ಯಾಹ್ನದ ಹೊತ್ತು ಅವನು ಇಷ್ಟು ಎಚ್ಚರವಾಗಿದ್ದದ್ದನ್ನು ನಾನು ನೋಡಿರಲಿಲ್ಲ.

ಐದು ಗಂಟೆಗೆ ಗೋಣಿ ಬರಿದಾಯಿತು. ಉಜ್ಜಿನಪ್ಪ ಜೋಮು ಹಿಡಿದ ಕಾಲನ್ನು ಎರಡು ಕೈಯಲ್ಲಿ ಎತ್ತಿ ನೆಟ್ಟಗೆ ಮಾಡಿಕೊಂಡು, ಬಹಳ ಉತ್ಸಾಹದಿಂದ, "ನಾಳಿ ಎಷ್ಟೊತ್ತಿಗೆ ಬರ್ಲಿ?" ಎಂದು ಕೇಳಿದ.

ಕದರಮ್ಮ ಗೋಣಿ ಕೊಡವಿ ಮಡಚಿ ಕಂಕುಳಿಗೆ ಇಟ್ಟುಕೊಂಡಳು.

"ನೀವು ಬರ್ಬ್ಯಾಡಿ ಸಾವ್ಕಾರ್ರೆ. ನಿಮ್ ಕೈಲಿ ಇನ್ನೊಂದಿನ ಕೊಸರು ಹಾಕ್ಸಿದ್ರೆ ನಮ್ ಮರದಲ್ಲಿ ಕಾಯೇ ಉಳಿಯಾಕಿಲ್ಲ. ನಾಳೆ ನಾನೇ ಬತ್ತೀನಿ."